ಕೊಟ್ಟಿಗೆ ಬಳಗದ ನಿರ್ವಾಹಕಿ

ನಾನು ನಿರ್ವಾಹಕಿಯಾಗಿದ್ದೆ ಎಂದರೆ ಶ್ರೀರಂಗಪಟ್ಟಣದ ಜನ ಮೊದಲು ಕೇಳುವುದು, "ಯಾವ ಡಿಪೋ?" ಎಂದು. ಬಸ್ಸಿನಲ್ಲಿ ಟಿಕೆಟ್ ಹರಿಯುವವರಿಗೂ ಫೋನಿನೊಳಗಿನ ಒಂದು ಬಳಗವನ್ನು ನೋಡಿಕೊಳ್ಳುವವರಿಗೂ ಕನ್ನಡದಲ್ಲಿ ಒಂದೇ ಹೆಸರು. ಮೊದಮೊದಲು ವಿವರಿಸುತ್ತಿದ್ದೆ, ಆಮೇಲೆ ಬೇಸರವಾಗಿ ಬಿಟ್ಟೆ. ನಮ್ಮ ಬೀದಿಯ ಕೆಲವರು ನನ್ನನ್ನು ಇವತ್ತಿಗೂ ಬಸ್ಸಿನ ಕೆಲಸದಿಂದ ನಿವೃತ್ತಳಾದವಳೆಂದೇ ತಿಳಿದಿದ್ದಾರೆ. ಆ ಕೆಲಸಕ್ಕೆ ಊರಲ್ಲಿ ಒಂದು ಮರ್ಯಾದೆ ಇದೆ. ನನ್ನ ಕೆಲಸಕ್ಕೆ ಇರಲಿಲ್ಲ. ಹಾಗಾಗಿ ಸುಮ್ಮನಿದ್ದೇನೆ.

ಈಗ ಓದಿದ ಹುಡುಗ ಹುಡುಗಿಯರು ಈ ಕೆಲಸಕ್ಕೆ ಸೇರುತ್ತಿದ್ದಾರೆ. ಮನೆಯಲ್ಲೇ ಕೂತು ಮಾಡಬಹುದು, ಜನರ ಜೊತೆ ಮಾತುಕತೆ ಇರುತ್ತದೆ, ಒಳ್ಳೆಯ ಕೆಲಸ ಎಂದು ಅವರಿಗೆ ಯಾರೋ ಹೇಳಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸೇರಬೇಡಿ ಎಂದು ಹೇಳುವುದಿಲ್ಲ. ಅಲ್ಲಿ ಏನಾಗುತ್ತದೆ ಎಂಬುದನ್ನು ಮಾತ್ರ ಹೇಳುತ್ತೇನೆ.

ನಮ್ಮದು ದೇವಸ್ಥಾನದ ಅಡುಗೆ ಮಾಡುತ್ತಿದ್ದ ಮನೆತನ. ಹಸುವಿನ ಬಗ್ಗೆ ನನಗೆ ಗೊತ್ತಿದ್ದದ್ದು ಹಾಲು, ಮೊಸರು, ತುಪ್ಪ ಅಷ್ಟೇ. ಮೈಸೂರಿನ ಒಂದು ಚಿಕ್ಕ ಸಂಜೆ ಪತ್ರಿಕೆಯಲ್ಲಿ ಬಹಳ ವರ್ಷ ಕರಡು ತಿದ್ದುತ್ತಿದ್ದೆ. ಅದು ಮುಚ್ಚಿತು. ಆ ವಯಸ್ಸಿನಲ್ಲಿ ಇನ್ನು ಯಾರು ಕೆಲಸ ಕೊಡುತ್ತಾರೆ ಎಂದು ಕೂತಿದ್ದಾಗ ಬೆಂಗಳೂರಿನ ಒಂದು ಕಂಪನಿಯವರು, ಕನ್ನಡ ಚೆನ್ನಾಗಿ ಓದಬಲ್ಲವರು ಬೇಕು ಎಂದು ಕರೆದರು. ಅವರ ಕೈಗೆ ಆಗಷ್ಟೇ ಕೊಟ್ಟಿಗೆ ಬಳಗ ಬಂದಿತ್ತು.

ಬಳಗ ಕಟ್ಟಿದವರು ಕಂಪನಿಯವರಲ್ಲ. ನಾಗಮಂಗಲದ ಹತ್ತಿರದ ಹಳ್ಳಿಯ ನಿಂಗೇಗೌಡರು. ದನ ಸಾಕಿದವರು ತಮ್ಮ ಕಷ್ಟಸುಖ ಕೇಳಿ ಹೇಳಿಕೊಳ್ಳಲಿ ಎಂದು ಫೋನಿನಲ್ಲಿ ಒಂದು ಗುಂಪು ಮಾಡಿದ್ದರು. ಅದು ಅವರ ಊರಿಂದ ಕೃಷ್ಣರಾಜಪೇಟೆಗೆ, ಅಲ್ಲಿಂದ ಪಾಂಡವಪುರಕ್ಕೆ, ಶ್ರೀರಂಗಪಟ್ಟಣಕ್ಕೆ ಹಬ್ಬಿತ್ತು. ಇನ್ನು ಗುಂಪಿನಲ್ಲಿ ಜನ ಹಿಡಿಸುವುದಿಲ್ಲ ಎನ್ನುವ ಹೊತ್ತಿಗೆ ಕಂಪನಿಯವರು ಬಂದು, "ನಾವು ಇದಕ್ಕೇ ಒಂದು ಆ್ಯಪ್ ಮಾಡಿಕೊಡುತ್ತೇವೆ, ನಿಮ್ಮ ಬಳಗ ನಿಮ್ಮದಾಗಿಯೇ ಇರುತ್ತದೆ" ಎಂದರು. ಗೌಡರು ಒಪ್ಪಿ ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ಕೇಳಿದರೆ, "ಓಳ್ಗೆ ಮಾಡೋರ್ಗೆ ಒಲೆನೂ ಕೊಡ್ತೀವಿ ಅಂದ್ರೆ ಬ್ಯಾಡ ಅನ್ನಕಾಯ್ತದಾ" ಎನ್ನುತ್ತಿದ್ದರು. ಒಲೆ ಯಾರ ಹೆಸರಿನಲ್ಲಿದೆ ಎಂದು ಆಗ ಯಾರೂ ಕೇಳಲಿಲ್ಲ.

ಮೊದಲ ವಾರವೇ ಒಂದು ಎಡವಟ್ಟು ಮಾಡಿದೆ. ಒಬ್ಬರು ಇನ್ನೊಬ್ಬರಿಗೆ, "ಲೇ ಬಡ್ಡೀಮಗ್ನೆ, ಎಲ್ಲಿ ಸತ್ತಿದ್ದೆ ಇಷ್ಟ್ ದಿನ" ಎಂದು ಬರೆದಿದ್ದರು. ಅವರು, "ನಿಮ್ಮನೇಲೇ ಇದ್ದೆ ಕಣ್ಲಾ" ಎಂದು ಉತ್ತರ ಕೊಟ್ಟಿದ್ದರು. ಜಗಳ ಎಂದುಕೊಂಡು ಇಬ್ಬರನ್ನೂ ಹೊರಗೆ ಹಾಕಿದೆ. ಮಧ್ಯಾಹ್ನ ಫೋನು ಬಂತು. ಬೈದವರದಲ್ಲ, ಬೈಸಿಕೊಂಡವರದು.

"ಏನ್ ಮೇಡಮ್ಮೋರೆ, ಅವ್ನು ನಮ್ ಬಾವ. ಬೈದ್ರೆ ನಿಮ್ಗೇನು?"

"ಅಷ್ಟು ಕೆಟ್ಟದಾಗಿ ಬೈಯುವುದೇ?"

"ಬೈದೇ ಇದ್ರೇ ನಂಗೆ ಬಯ. ಏನೋ ಮನಸ್ನಲ್ಲಿ ಇಟ್ಕಂಡವ್ನೆ ಅಂತ."

ಅವತ್ತಿಂದ ಒಂದು ನೇಮ ಮಾಡಿಕೊಂಡೆ. ಯಾರ ಮಾತನ್ನಾದರೂ ತೆಗೆಯುವ ಮೊದಲು ಅವರಿಗೆ ಫೋನು ಮಾಡಿ ಕೇಳುವುದು. ಮುಕ್ಕಾಲು ಪಾಲು ಸಲ ತೆಗೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಫೋನು ಬಂದದ್ದಕ್ಕೇ ಜನರಿಗೆ ಸಮಾಧಾನವಾಗುತ್ತಿತ್ತು.

ಬೆಂಗಳೂರಿನ ಎಡವಟ್ಟು ನನ್ನದಕ್ಕಿಂತ ದೊಡ್ಡದು. ಕೆಟ್ಟ ಪದಗಳನ್ನು ತಾನೇ ಹುಡುಕಿ ಅಳಿಸುವ ಯಂತ್ರವೊಂದನ್ನು ಕೂಡಿಸಿದರು. ಹೆಂಗಸರಿಗೆ ಅವಮಾನ ಮಾಡುವ ಪದ ಎಂದು ಯಾರೋ ಅದಕ್ಕೆ 'ಎಮ್ಮೆ' ಎಂದು ಕಲಿಸಿದ್ದರು. ಬೆಳಗಾಗುವಷ್ಟರಲ್ಲಿ ನಾಲ್ಕು ತಾಲ್ಲೂಕಿನ ಎಮ್ಮೆಗಳೆಲ್ಲ ಮಾಯ. ಕೃಷ್ಣರಾಜಪೇಟೆ ಕಡೆಯ ಪುಟ್ಟಸ್ವಾಮಿ, ತನ್ನ ಎಮ್ಮೆ ಕರು ಹಾಕಿದೆ ಎಂದು ಎಷ್ಟು ಸಲ ಬರೆದರೂ ನಿಲ್ಲಲಿಲ್ಲ. ಕೊನೆಗೆ, "ನಮ್ಮ ಕರೀ ಹಸ, ಕೊಂಬು ಹಿಂದಕ್ಕೆ ಬಾಗಿರೋದು, ನೀರಲ್ಲಿ ಮಲಗೋದು, ಕರು ಹಾಕೈತೆ" ಎಂದು ಬರೆದ. ಬಳಗವೆಲ್ಲ ನಕ್ಕಿತು. ನಾನೂ ನಕ್ಕೆ. ಆ ಯಂತ್ರವನ್ನು ಯಾರು ತಂದರು, ಅದಕ್ಕೆ ಪದ ಕಲಿಸಿದವರು ಯಾರು, ನಮ್ಮನ್ನು ಒಂದು ಮಾತು ಏಕೆ ಕೇಳಲಿಲ್ಲ ಎಂದು ಯಾರೂ ಕೇಳಲಿಲ್ಲ. ನಗುವಾಗ ಕೇಳುವುದು ಮರೆತುಹೋಗುತ್ತದೆ.

ಇದೇ ಪುಟ್ಟಸ್ವಾಮಿಯ ಇನ್ನೊಂದು ಸಂಗತಿ ಹೇಳಬೇಕು. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಲ್ಲಿ ರಾಜಮ್ಮ ಎಂಬಾಕೆ ಇದ್ದಾರೆ. ಕಬ್ಬು, ನಾಲ್ಕಾರು ಹಸು, ದಿನಾ ಡೈರಿಗೆ ಹಾಲು. ಅವರ ಗೌರಿ ಎಂಬ ಹಸು ಗದ್ದೆಯ ಬದುವಿನಿಂದ ಕಣ್ಣಿ ಸಮೇತ ಕಾಣೆಯಾಯಿತು. ರಾಜಮ್ಮ ಅದರ ಫೋಟೋ ಬಳಗಕ್ಕೆ ಹಾಕಿದರು. ಸಂತೆಗೆ ಹೋಗಿದ್ದ ಪುಟ್ಟಸ್ವಾಮಿಗೆ ಅದೇ ಹಸು ಮಾರಾಟಕ್ಕೆ ನಿಂತದ್ದು ಕಂಡಿತು. ಗಲಾಟೆ ಮಾಡಿದರೆ ಮಾರುವವನು ಹಸುವನ್ನು ಹೊಡೆದುಕೊಂಡು ಹೋಗಿಬಿಡುತ್ತಾನೆ ಎಂದು ರಾಜಮ್ಮನಿಗೆ ಮರೆಯಲ್ಲಿ ಫೋನು ಮಾಡಿ, ಅವನ ಜೊತೆ ವ್ಯಾಪಾರಕ್ಕೆ ಕೂತ. ಹಲ್ಲು ನೋಡಿದ, ಕೆಚ್ಚಲು ನೋಡಿದ, ಸುಳಿ ಸರಿಯಿಲ್ಲ ಎಂದ, ಬೇಡ ಎಂದು ಎದ್ದು ಹೋದ, ತಿರುಗಿ ಬಂದ. ರಾಜಮ್ಮ ಎರಡು ಬಸ್ಸು ಹಿಡಿದು ಸಂತೆಗೆ ಬರುವವರೆಗೂ ವ್ಯಾಪಾರ ಎಳೆದ. ರಾಜಮ್ಮ ದೂರದಿಂದಲೇ "ಗೌರೀ" ಎಂದು ಕೂಗಿದರು. ಹಸು ಕತ್ತೆತ್ತಿ ಕೂಗಿಕೊಂಡಿತು. ಮಾರುವವನು ಹಗ್ಗ ಬಿಟ್ಟು ಜನರ ನಡುವೆ ಮರೆಯಾದ. ಬಳಗ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಆಮೇಲೆ ಪ್ರಣವ್ ಬಂದ. ಬೆಂಗಳೂರಿನ ಕಚೇರಿಯಲ್ಲಿ ನನ್ನ ಮೇಲಧಿಕಾರಿ, ವಯಸ್ಸಿನಲ್ಲಿ ನನ್ನ ಮಗನಷ್ಟು. ಕೆಟ್ಟವನಲ್ಲ. ನನ್ನ ಬೆನ್ನುನೋವಿನ ಬಗ್ಗೆ ಪ್ರತಿ ಸಲವೂ ಕೇಳುತ್ತಿದ್ದ. ಆದರೆ ಫೋನು ಮಾಡುವ ನನ್ನ ಪದ್ಧತಿ ಅವನಿಗೆ ಹಿಡಿಸಲಿಲ್ಲ.

"ಮೇಡಂ, ನೀವು ಒಬ್ಬೊಬ್ಬರಿಗೂ ಫೋನ್ ಮಾಡ್ತಾ ಕೂತರೆ ಹೇಗೆ? ಬಟನ್ ಇದೆಯಲ್ಲ."

"ಕೇಳದೆ ತೆಗೆದರೆ ಬೇಜಾರು ಮಾಡಿಕೊಳ್ಳುತ್ತಾರಪ್ಪ."

"ಬೇಜಾರಾದರೆ ಬರೆಯೋದು ನಿಲ್ಲಿಸಲ್ಲ ಮೇಡಂ, ಇನ್ನೂ ಜಾಸ್ತಿ ಬರೀತಾರೆ. ನಮಗೆ ಅದೇ ಬೇಕಾಗಿರೋದು."

ಅವನು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಅಳಿಸುವ ಅಧಿಕಾರವನ್ನು ನಿಧಾನವಾಗಿ ಬೆಂಗಳೂರಿಗೆ ಎಳೆದುಕೊಂಡರು. ಆದರೆ ಅಳಿಸಿದ ಜಾಗದಲ್ಲಿ ಕಾಣುತ್ತಿದ್ದ ವಾಕ್ಯ ಬದಲಾಗಲಿಲ್ಲ: 'ನಿರ್ವಾಹಕಿ ಇದನ್ನು ತೆಗೆದಿದ್ದಾರೆ.' ಬಳಗದಲ್ಲಿ ನಿರ್ವಾಹಕಿ ಎಂದರೆ ನಾನೊಬ್ಬಳೇ. ಈ ಕೆಲಸಕ್ಕೆ ಬರುವವರು ಇದನ್ನು ಗಮನವಿಟ್ಟು ಓದಿ. ಅವರು ನಿಮ್ಮ ಕೈ ಬಳಸದೇ ಇರಬಹುದು, ನಿಮ್ಮ ಹೆಸರನ್ನು ಬಳಸುತ್ತಾರೆ.

ಆ ವರ್ಷ ಬಳಗದಲ್ಲಿ ಒಂದು ಪುಡಿಯ ಮಾತು ಶುರುವಾಯಿತು. ಬೂಸಾಕ್ಕೆ ಬೆರೆಸಿ ಕೊಟ್ಟರೆ ಹಾಲು ಏರುತ್ತದೆಯಂತೆ. ಬರೆದವರು ರೈತರ ಹಾಗೇ ಬರೆದಿದ್ದರು, ನಮ್ಮ ಹಸು ಹೀಗಾಯಿತು, ನಮ್ಮ ಮನೆಯವರಿಗೆ ಖುಷಿಯಾಯಿತು ಎಂದು. ನಿಂಗೇಗೌಡರು ಮೊದಲು ಹಿಡಿದರು. ನನಗೆ ಫೋನು ಮಾಡಿ, "ಮೇಡಮ್ಮೋರೆ, ಆ ಫೋಟೋ ನೋಡಿ. ನಮ್ ಸೀಮೇಲಿ ಯಾರ್ ಮನೆ ಕೊಟ್ಗೇಲಿ ಅಂಥಾ ಫಾರಿನ್ ಉಲ್ಲೈತೆ? ಯಾರೂ ಇವ್ರನ್ನ ಕಂಡಿಲ್ಲ, ಊರ್ ಕೇಳುದ್ರೆ ಏಳಲ್ಲ. ಇವು ಮನುಸ್ರಲ್ಲ ಕಣ್ರೀ, ಜಾಯ್ರಾತು" ಎಂದರು. ಪ್ರಣವನನ್ನು ಕೇಳಿದೆ. "ಅವರು ನಮ್ಮ ಪಾರ್ಟ್ನರ್ ಮೇಡಂ" ಎಂದ. ಜಾಹೀರಾತು ಎಂದು ಮೇಲೆ ಬರೆಯಿರಿ ಎಂದೆ. ಬರೆದರೆ ಯಾರೂ ಓದುವುದಿಲ್ಲ ಎಂದ.

ಅಷ್ಟು ಹೊತ್ತಿಗೆ ರಾಜಮ್ಮ ಆ ಪುಡಿ ತಂದು ಗೌರಿಗೆ ಹಾಕಿಯಾಗಿತ್ತು. ಬಳಗದಲ್ಲಿ ಬಂದ ಮಾತು, ಬಳಗವೇ ತನ್ನ ಹಸುವನ್ನು ಹುಡುಕಿಕೊಟ್ಟದ್ದು, ನಂಬಲಿಕ್ಕೆ ಇನ್ನೇನು ಬೇಕು. ಗಬ್ಬದ ಹಸು ಮೊದಲು ಮೇವು ಬಿಟ್ಟಿತು, ಆಮೇಲೆ ಮೆಲುಕು ನಿಂತಿತು, ಹೊಟ್ಟೆ ಉಬ್ಬಿತು. ಡಾಕ್ಟರು ಬಂದು ಸೂಜಿ ಚುಚ್ಚಿ, ಆ ಪುಡಿ ಮೊದಲು ನಿಲ್ಲಿಸಿ ಎಂದರು. ಗೌರಿ ಉಳಿಯಿತು, ಆದರೆ ಕಂದು ಹಾಕಿತು, ಹೊಟ್ಟೆಯಲ್ಲಿದ್ದ ಕರು ಹೋಯಿತು. ಪುಡಿಯಿಂದಲೇ ಆಯಿತೋ ಬೇರೆ ಏನಾದರೂ ಇತ್ತೋ ಡಾಕ್ಟರಿಗೂ ಖಚಿತವಾಗಿ ಹೇಳಲು ಆಗಲಿಲ್ಲ. ರಾಜಮ್ಮನೂ ಹಾಗೇ ಬರೆದಿದ್ದರು: "ಇದ್ರಿಂದ್ಲೇ ಅಂತ ನಾನು ಏಳಲ್ಲ. ನಮ್ಮ ಅಸುಗೆ ಇಂಗಾಯ್ತು. ಗಬ್ಬದ ದನ ಇದ್ದೋರು ಡಾಕ್ಟ್ರನ್ನ ಕೇಳಿ ಹಾಕಿ." ಇಷ್ಟೇ. ಕರಡು ತಿದ್ದಿದ ನನ್ನ ಕಣ್ಣಿಗೆ ಅದರಲ್ಲಿ ಒಂದು ಅಕ್ಷರವೂ ಹೆಚ್ಚು ಕಾಣಲಿಲ್ಲ.

ಸಂಜೆಯೊಳಗೆ ಅದು ಇರಲಿಲ್ಲ. ರಾಜಮ್ಮ ಮತ್ತೆ ಬರೆದರು. ಅದೂ ಹೋಯಿತು. ನನಗೆ ಫೋನು ಬಂತು.

"ಮೇಡಮ್ಮೋರೆ, ನಾನ್ ಬರ್ದುದ್ದು ಎಲ್ಲೋಯ್ತು?"

"ನಾನು ತೆಗೆಯಲಿಲ್ಲ ರಾಜಮ್ಮ."

"ನಿಮ್ ಎಸ್ರು ಐತಲ್ಲ."

"ಹೆಸರು ನನ್ನದೇ. ತೆಗೆದದ್ದು ಬೆಂಗಳೂರಿನವರು."

ಆಕೆ ಕೇಳಿದರು, "ಅಂಗಾದ್ರೆ ನೀವು ಅಲ್ಲಿ ಏನ್ ಮಾಡ್ತಿದ್ದೀರಿ?"

ಬೈಯುವ ದನಿಯಲ್ಲ. ತಿಳಿದುಕೊಳ್ಳಲು ಕೇಳಿದ್ದು.

ಆಮೇಲೆ ಇನ್ನೂ ಕೆಲವರ ಬರಹಗಳು ಹೋದವು. ಒಂದು ಭಾನುವಾರ ಬಳಗದವರು ಪಾಂಡವಪುರದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಸೇರಿದರು. ನನ್ನನ್ನೂ ಕರೆದಿದ್ದರು. ಮುಖ ನೋಡದೆ ಇಷ್ಟು ವರ್ಷ ಮಾತಾಡಿದ್ದವರು ಒಬ್ಬೊಬ್ಬರೂ ಬಂದು ಹೆಸರು ಹೇಳಿ ಕೈಮುಗಿದರು. ನಿಂಗೇಗೌಡರು ಫೋನಿನ ದನಿಗಿಂತ ಸಣ್ಣ ಆಳು. ಅವರು ಮಾತು ಮುಗಿಸಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

"ನಾವು ಕಂಪ್ನಿ ಕೇಳ್ತಿಲ್ಲ. ಮಡೀಕಳ್ಳಿ. ಯಾರ್ ಮಾತ್ನಾರ ತಗದ್ರೆ ಯಾಕ್ ತಗದೋ ಅಂತ ಏಳ್ಬೇಕು. ಕಾಸ್ ಇಸ್ಕಂಡು ಹಾಕಿದ್ದು ಜಾಯ್ರಾತು ಅಂತ ಬರೀಬೇಕು. ಏನಿರ್ಬೇಕು ಏನ್ ಇರ್ಬಾರ್ದು ಅಂತ ಕೂತ್ ಮಾತಾಡೋವಾಗ ನಮ್ಮೋರು ಇಬ್ರು ಅಲ್ಲಿರ್ಬೇಕು, ನಾವೇ ಆರ್ಸಿದೋರು. ಇಷ್ಟೇ ಕಣ್ರಪ್ಪ."

ಪುಟ್ಟಸ್ವಾಮಿ ಎದ್ದು, "ಕೊಡ್ದೆ ಇದ್ರೆ?" ಎಂದ.

"ಕೊಡ್ದೆ ಏನ್ಲಾ ಮಾಡ್ತಾರೆ? ನಾವಿಲ್ದಿದ್ರೆ ಅಲ್ಲಿ ಏನೈತೆ?" ಎಂದರು ಗೌಡರು.

ಅವತ್ತು ನಾವೆಲ್ಲ ಹಾಗೇ ನಂಬಿದ್ದೆವು.

ನಾನು ಮನೆಗೆ ಬಂದು ಆ ಮೂರು ಮಾತುಗಳನ್ನು ಒಳ್ಳೆಯ ಕನ್ನಡದಲ್ಲಿ ಬರೆದು ಬೆಂಗಳೂರಿಗೆ ಕಳಿಸಿದೆ. ಇವು ನ್ಯಾಯವಾಗಿವೆ ಎಂದು ಕೆಳಗೆ ನನ್ನದೊಂದು ಸಾಲನ್ನೂ ಸೇರಿಸಿದೆ. ಪ್ರಣವ್ ಕೂಡಲೇ ಫೋನು ಮಾಡಿದ. "ತುಂಬಾ ಚೆನ್ನಾಗಿದೆ ಮೇಡಂ. ಜನರ ಜೊತೆ ಒಂದು ಸಭೆ ಮಾಡೋಣ" ಎಂದ. ನನಗೆ ಕಣ್ಣಲ್ಲಿ ನೀರು ಬಂತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಸಭೆ ಕೃಷ್ಣರಾಜಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಬಾಗಿಲಲ್ಲೇ ಎಲ್ಲರಿಗೂ ಟೋಪಿ ಕೊಟ್ಟರು. ವೇದಿಕೆಯ ಹಿಂದೆ 'ನಿಮ್ಮ ದನಿ, ನಮ್ಮ ದಾರಿ' ಎಂದು ದೊಡ್ಡ ಬ್ಯಾನರು. ಕೇಸರಿಬಾತು, ಉಪ್ಪಿಟ್ಟು ಆದ ಮೇಲೆ ಪ್ರಣವ್ ಎದ್ದು, ಬಳಗದ ಮುಂದಿನ ದಾರಿಯನ್ನು ನೀವೇ ತೀರ್ಮಾನಿಸಬೇಕು, ಇವತ್ತು ಮತದಾನ ಇದೆ ಎಂದ. ಜನ ಚಪ್ಪಾಳೆ ಹೊಡೆದರು. ಎಲ್ಲರ ಫೋನಿಗೂ ಒಂದು ಪ್ರಶ್ನೆ ಬಂತು. ಆ್ಯಪಿನ ಬಣ್ಣ ಹಸಿರಿರಬೇಕೋ, ನೀಲಿಯಿರಬೇಕೋ?

ಮಂಟಪದಲ್ಲಿ ಯಾರೂ ಫೋನು ಒತ್ತಲಿಲ್ಲ. ಎಲ್ಲರೂ ಪಕ್ಕದವರ ಮುಖ ನೋಡುತ್ತಿದ್ದರು. ರಾಜಮ್ಮ ಎದ್ದು ನಿಂತರು. ಟೋಪಿಯನ್ನು ಮಡಿಸಿ ಕೈಯಲ್ಲಿ ಹಿಡಿದಿದ್ದರು.

"ಸ್ವಾಮೀ, ಬಣ್ಣ ಯಾವ್ದಾರಾ ಇರ್ಲಿ. ನಮ್ಮ ಅಸ ಕಂದಾಕ್ತು. ಇನ್ನೊಬ್ರುದು ಅಂಗಾಗ್ದೆ ಇರ್ಲಿ ಅಂತ ನಾನು ಬರ್ದೆ. ಅದ್ನ ತಗದೋರು ಯಾರು? ನನ್ ಮುಂದೆ ನಿಂತ್ಕಂಡು ಏಳ್ಲಿ."

"ಅಮ್ಮಾ, ನಿಮ್ಮ ಅಭಿಪ್ರಾಯವನ್ನ ನಾವು ಗೌರವಿಸ್ತೀವಿ."

"ಗೌರ್ವ ಬ್ಯಾಡ. ಯಾರು ಅಂತ ಏಳಿ."

ಪ್ರಣವ್ ನನ್ನ ಕಡೆ ನೋಡಿದ. ಮೈಕು ನನ್ನ ಕೈಗೆ ಬರುತ್ತದೆ ಎಂದು ನನಗೆ ಗೊತ್ತಾಯಿತು. ಬಂತು. "ಬೆಂಗಳೂರಿನ ಕಚೇರಿಯಲ್ಲಿ ತೆಗೆದರು. ತೆಗೆಯಬಾರದಿತ್ತು" ಎಂದೆ. ಮೈಕನ್ನು ಯಾರೋ ತೆಗೆದುಕೊಂಡು ಊಟಕ್ಕೆ ಏಳಿ ಎಂದರು.

ಊಟದ ಎಲೆ ಹಾಕುವಷ್ಟರಲ್ಲಿ ಬಳಗದವರು ಅಲ್ಲೇ ಕೈಯೆತ್ತಿ ನಿಂಗೇಗೌಡರನ್ನೂ ರಾಜಮ್ಮನನ್ನೂ ತಮ್ಮ ಇಬ್ಬರು ಪ್ರತಿನಿಧಿಗಳೆಂದು ಆರಿಸಿದರು. ಕಂಪನಿ ಅದನ್ನು ಒಪ್ಪಲಿಲ್ಲ. ತಾನೇ ಒಂದು ಸಲಹಾ ಸಮಿತಿ ಮಾಡಿತು. ಅದರಲ್ಲಿ ಆ ಪುಡಿ ಮಾರುವ ಅಂಗಡಿಯವರೊಬ್ಬರು ಇದ್ದರು, ಪುಟ್ಟಸ್ವಾಮಿಯೂ ಇದ್ದ. ನಾನು ಅವನಿಗೆ ಫೋನು ಮಾಡಿದೆ. "ಒಳ್ಗಿದ್ದು ಮಾತಾಡಾನ ಅಂತ ಮೇಡಮ್ಮೋರೆ. ಒರ್ಗಡೆ ನಿಂತ್ ಕೂಗುದ್ರೆ ಯಾರ್ ಕೇಳ್ತಾರೆ?" ಎಂದ. ಅವನ ಮಾತು ಸುಳ್ಳು ಎಂದು ನನಗನ್ನಿಸಲಿಲ್ಲ. ಒಳಗಿದ್ದು ಮಾತಾಡಬಹುದು ಎಂದು ನಾನೂ ನಂಬಿ ಕೂತವಳೇ ತಾನೇ. ಸಮಿತಿ ಒಂದು ಸಲ ಸೇರಿತು, ಫೋಟೋ ತೆಗೆಸಿಕೊಂಡಿತು. ಸ್ವಲ್ಪ ದಿನಕ್ಕೆ ಪುಟ್ಟಸ್ವಾಮಿಯ ಮನೆಯ ಜಗಲಿಯಲ್ಲಿ ಆ ಪುಡಿಯ ಚೀಲಗಳು ಮಾರಾಟಕ್ಕೆ ಬಂದು ಕೂತವು. ಸಂತೆಯಲ್ಲಿ ಅಷ್ಟು ಹೊತ್ತು ವ್ಯಾಪಾರ ಎಳೆದು ಗೌರಿಯನ್ನು ಉಳಿಸಿದವನು, ರಾಜಮ್ಮ ಎದುರು ಬಂದರೆ ರಸ್ತೆಯ ಆಚೆ ಬದಿಗೆ ಹೋಗುವಂತಾದ.

ಮುಂದಿನ ಆದೇಶ ನನಗೆ ಬಂತು: ಗೌಡರನ್ನೂ ರಾಜಮ್ಮನನ್ನೂ ಬಳಗದಿಂದ ಹೊರಗೆ ಹಾಕಿ. ನಾನು ಮಾಡುವುದಿಲ್ಲ ಎಂದೆ. ಪ್ರಣವ್ ಕೋಪಿಸಿಕೊಳ್ಳಲಿಲ್ಲ. "ಪರವಾಗಿಲ್ಲ ಮೇಡಂ, ನಿಮಗೆ ಕಷ್ಟ ಆಗುತ್ತೆ ಅಂತ ಗೊತ್ತು" ಎಂದ. ಮಾರನೆಯ ದಿನ ಅವರಿಬ್ಬರೂ ಇರಲಿಲ್ಲ. ಬಳಗ ಕಟ್ಟಿದ ಮನುಷ್ಯನ ಹೆಸರಿದ್ದ ಜಾಗದಲ್ಲಿ ಆ ವಾಕ್ಯ ನಿಂತಿತ್ತು. ನಿರ್ವಾಹಕಿ ತೆಗೆದಿದ್ದಾರೆ. ನೀವು ಆಗುವುದಿಲ್ಲ ಎಂದು ಹೇಳುವ ದಿನ ಬರುತ್ತದೆ, ಹೇಳಿ. ಹೇಳಿದ್ದರಿಂದ ಕೆಲಸ ನಿಲ್ಲುತ್ತದೆ ಎಂದು ಮಾತ್ರ ತಿಳಿಯಬೇಡಿ.

ಗೌಡರು ನನ್ನನ್ನು ಒಂದೇ ಒಂದು ಕೇಳಿದರು. ಅವರ ಹೆಂಡತಿ ಸಾಕಮ್ಮ ಓದು ಬರಹ ಬಾರದವರು. ಕರುಗಳ ಆರೈಕೆ ಬಗ್ಗೆ ಯಾರಾದರೂ ಕೇಳಿದರೆ ದನಿಯಲ್ಲೇ ಉತ್ತರ ಹೇಳಿ ಕಳಿಸುತ್ತಿದ್ದರು. ಅದರ ನಡುವೆ ಕೋಳಿಯನ್ನು ಓಡಿಸುವುದು, ಗಂಡನನ್ನು ಬೈಯುವುದು ಎಲ್ಲ ಕೇಳಿಸುತ್ತಿತ್ತು. ಸಾಕಮ್ಮ ತೀರಿಕೊಂಡು ವರ್ಷವಾಗಿತ್ತು. "ಬೇರೆ ಏನೂ ಬ್ಯಾಡಿ. ಅವ್ಳ್ ದನಿ ಒಸಿ ತಗ್ದು ಕೊಡ್ಸಿ" ಎಂದರು. ನಾನು ಕೇಳಿದೆ, ಕಾಡಿದೆ, ಬೆಂಗಳೂರಿಗೇ ಹೋಗಿ ಕೂತೆ. ಬಳಗದಲ್ಲಿ ಬಂದದ್ದೆಲ್ಲ ಕಂಪನಿಯದು, ಹೊರಗೆ ಕೊಡುವ ಪದ್ಧತಿ ಇಲ್ಲ ಎಂದರು. ಅದೇ ಹೊತ್ತಿಗೆ ಪ್ರಣವ್ ಬೇರೆ ಕಡೆ ಕೆಲಸ ಸಿಕ್ಕಿ ಹೋದ. ಹೋಗುವಾಗ ನನ್ನ ಬೆನ್ನು ಹೇಗಿದೆ ಎಂದು ಕೇಳಿದ.

ಗೌಡರ ಹಿಂದೆ ಜನ ಒಬ್ಬೊಬ್ಬರಾಗಿ ಬಿಟ್ಟರು. ಪುಡಿಯವರು ಪುಡಿಯವರಿಗೇ ಬರೆದುಕೊಳ್ಳುವಂತಾಯಿತು. ಕೊನೆಗೆ ಒಂದು ಬೆಳಿಗ್ಗೆ ತೆರೆದರೆ, 'ಈ ಸೇವೆ ನಿಂತಿದೆ, ನಿಮ್ಮ ಸಹಕಾರಕ್ಕೆ ವಂದನೆಗಳು' ಎಂದಿತ್ತು. ನಾಲ್ಕು ತಾಲ್ಲೂಕಿನ ಜನ ಕೇಳಿದ್ದು, ಹೇಳಿದ್ದು, ಬೈದದ್ದು, ನಕ್ಕದ್ದು, ಸಾಕಮ್ಮನ ದನಿ, ಎಲ್ಲ ಹೋಯಿತು. ನನ್ನ ನಿವೃತ್ತಿಯೂ ಅದೇ ದಿನ ಆಯಿತು. ಹಾರ, ಭಾಷಣ ಏನೂ ಇರಲಿಲ್ಲ.

ಕಳೆದ ವರ್ಷ ರಾಜಮ್ಮ, ಗೌಡರು ಸೇರಿ ಮತ್ತೆ ಫೋನಿನಲ್ಲೇ ಒಂದು ಚಿಕ್ಕ ಗುಂಪು ಮಾಡಿದ್ದಾರೆ ಎಂದು ತಿಳಿಯಿತು. ಯಾರ ಮಾತು ತೆಗೆದರೂ ಎಲ್ಲರ ಎದುರು ಕಾರಣ ಹೇಳಬೇಕಂತೆ. ನೋಡಿಕೊಳ್ಳುವವರನ್ನು ಯುಗಾದಿಗೊಮ್ಮೆ ಬದಲಾಯಿಸುತ್ತಾರಂತೆ. ನನಗೆ ಬಹಳ ಸಂತೋಷವಾಯಿತು. ನನ್ನನ್ನೂ ಸೇರಿಸಿಕೊಳ್ಳಿ, ಸಂಬಳವಿಲ್ಲದೆ ಕೆಲಸ ಮಾಡುತ್ತೇನೆ ಎಂದು ಹೇಳಿ ಕಳಿಸಿದೆ. ಅವರು ಕಾಯುತ್ತಿರಬಹುದು ಎಂದೇ ಅಂದುಕೊಂಡಿದ್ದೆ.

ರಾಜಮ್ಮ ಪಾಂಡವಪುರದಿಂದ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಚೀಲದಲ್ಲಿ ಬೆಲ್ಲದ ಅಚ್ಚು, ಒಂದು ಬಾಟಲಿ ಗಿಣ್ಣುಹಾಲು. ಕಾಫಿ ಕುಡಿದರು. ಲೋಟ ಕೆಳಗಿಟ್ಟು ಹೇಳಿದರು.

"ಎಲ್ರೂ ಕೂತು ಮಾತಾಡುದ್ವಿ ಮೇಡಮ್ಮೋರೆ. ಕೈ ಎತ್ಸುದ್ವಿ. ಬ್ಯಾಡ ಅಂದೋರೇ ಜಾಸ್ತಿ ಆದ್ರು."

"ನೀವು?"

"ನಾನೂ ಬ್ಯಾಡ ಅಂದೆ."

ಆಕೆ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ನೀವು ಕೆಟ್ಟೋರಂತ ಅಲ್ಲ. ಮಂಟಪದಲ್ಲಿ ಎಲ್ರೆದ್ರು ನಿಜ ಏಳುದ್ರಿ, ಮರ್ತಿಲ್ಲ. ಆದ್ರೆ ಅದಾದ್ಮೇಲೂ ನೀವು ಅಲ್ಲೇ ಇದ್ರಿ. ನಿಮ್ಮನ್ನ ನೋಡ್ಕಂಡು, ಒಳ್ಳೇ ಮೇಡಮ್ಮೋರು ಅಲ್ಲೇ ಅವ್ರೆ ಬುಡು ಅಂತ ನಾವೂ ಬೋ ದಿನ ಅಲ್ಲೇ ಇದ್ವಿ. ನೀವಿಲ್ದೆ ಇದ್ದಿದ್ರೆ ಬಿರ್ರನೆ ಎದ್ದು ಬತ್ತಿದ್ವಿ, ಬರೋವಾಗ ನಮ್ದೆಲ್ಲ ತಗ್ದಿಟ್ಕತ್ತಿದ್ವಿ, ಸಾಕಮ್ಮನ ದನಿನಾರ ಉಳ್ಕತ್ತಿತ್ತು. ಇದೇ ಕಾರ್ಣ. ನಿಮ್ ಮುಂದೇನೇ ಏಳ್ಬೇಕು ಅಂತ ಬಂದೆ."

ನಾನು ಎದ್ದು ಗಿಣ್ಣುಹಾಲನ್ನು ಪಾತ್ರೆಗೆ ಬಗ್ಗಿಸಿ, ಬಾಟಲಿ ತೊಳೆದು ಆಕೆಯ ಚೀಲಕ್ಕೆ ಹಾಕಿದೆ. ಬಸ್ ನಿಲ್ದಾಣದವರೆಗೂ ಜೊತೆಗೆ ಹೋದೆ. ದಾರಿಯಲ್ಲಿ ಗೌರಿ ಹೇಗಿದೆ ಎಂದು ಕೇಳಿದೆ. ಹೆಣ್ಣು ಕರು ಹಾಕಿದೆ, ಈ ಗಿಣ್ಣು ಅದರದೇ ಎಂದರು.